ಅರಿಶಿನ, ಬಾಳೆಕಂಬ ಮತ್ತು ರೇಡಿಯೇಟರ್

ಕೊಡಚಾದ್ರಿ ಏರಿನಲ್ಲಿ ಹಳೇ ಜೀಪೊಂದು ಎಂಜಿನ್ ಕಾದು ಬಾನೆಟ್ ಎತ್ತಿಕೊಂಡು ನಿಂತರೆ ಸಾಕು, ಐದೇ ನಿಮಿಷದಲ್ಲಿ ಅದರ ಸುತ್ತ ಒಂದು ವೈದ್ಯಮಂಡಳಿ ಸೇರುತ್ತದೆ. ಹಿಂದಿನ ಜೀಪಿನ ಡ್ರೈವರಣ್ಣ "ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ಅದೊಂದು ದಂಡದ್ದು" ಅನ್ನುತ್ತಾನೆ. ಹಿಂದಿನ ಸೀಟಿನಲ್ಲಿ ಅಲುಗಾಡಿ ಅಲುಗಾಡಿ ಸುಸ್ತಾದ ಮಾವ "ತಣ್ಣೀರು ಹೊಯ್ಯಿರೋ" ಎಂದು ಅಪ್ಪಣೆ ಕೊಡುತ್ತಾರೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿ ಕಲಿತ ಹುಡುಗನದು, ಎಂಜಿನ್ ಬಿಸಿಯನ್ನು ಗಾಡಿಯೊಳಕ್ಕೆ ತಿರುಗಿಸಲು, ಒಂದೇ ಮಂತ್ರ: "ಹೀಟರ್ ಆನ್ ಮಾಡಿ." ಮಹೀಂದ್ರದ ಹಳೇ ಜೀಪು ಎಂಎಂ540 ಓಡಿಸುವವರಿಗೆ ಈ ಮಾತು ಕೇಳಿದರೆ ನಗು ಬರುತ್ತದೆ. ಕಾಲಿಗೆ ಬಡಿಯುವ ಎಂಜಿನ್ ಬಿಸಿಯೇ ಅವರ ಹೀಟರ್. ಅದಕ್ಕೆ ಸ್ವಿಚ್ಚೂ ಇಲ್ಲ, ಆಫ್ ಮಾಡುವ ಉಪಾಯವೂ ಇಲ್ಲ.

ಇಷ್ಟು ಜನರ ನಡುವೆ, ಎಂಜಿನ್ನಿನ ಬಿಸಿನೀರನ್ನು ಗಾಳಿಗೆ ಆರಿಸುವ ರೇಡಿಯೇಟರಿನ ಮುಚ್ಚಳವನ್ನು ಅನುಮಾನಿಸುವವರು ಒಬ್ಬರೂ ಸಿಗುವುದಿಲ್ಲ. ಎಂಜಿನ್ ಬಿಚ್ಚಿಸಲು ತಯಾರಿರುವ ಮನುಷ್ಯ ಕೆಲವೇ ನೂರು ರೂಪಾಯಿಯ ಮುಚ್ಚಳ ಬದಲಿಸಲು ಹಿಂದೆಮುಂದೆ ನೋಡುತ್ತಾನೆ. ಲೆಕ್ಕ ಇಷ್ಟೇ. ಕೊಡಚಾದ್ರಿಯ ತುದಿ 1343 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಬರೀ ನೀರು 95-96 ಡಿಗ್ರಿಗೇ ಕುದಿಯುತ್ತದೆ. 7 ಪಿಎಸ್‌ಐ (ಒತ್ತಡದ ಅಳತೆ) ಮುಚ್ಚಳ ಸರಿಯಾಗಿ ಹಿಡಿದರೆ ಅದೇ ನೀರು ಸುಮಾರು 108 ಡಿಗ್ರಿವರೆಗೆ, 13 ಪಿಎಸ್‌ಐನದ್ದಾದರೆ 116ರ ತನಕ ಕುದಿಯದೆ ತಡೆಯುತ್ತದೆ. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಬೇಳೆ ಬೇಯುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮುಚ್ಚಳದ ರಬ್ಬರ್ ಬಿರುಕು ಬಿಟ್ಟರೆ ಜೀಪಿನಲ್ಲೂ ಅದೇ ಕಥೆ, ಪರಿಣಾಮ ಮಾತ್ರ ಉಲ್ಟಾ. ಹಾಗಂತ 7ರ ಜಾಗಕ್ಕೆ 15ರದ್ದು ತಂದು ತಿರುಗಿಸಿ ಕೂರಿಸಿದರೆ, ಮೂವತ್ತು ವರ್ಷ ಹಳೆಯ ರೇಡಿಯೇಟರಿನ ಬೆಸುಗೆ ಮೊದಲ ಏರಿನಲ್ಲೇ ಬಾಯಿ ಬಿಡುತ್ತದೆ. ಮೊದಲಿದ್ದ ಅಂಕಿಯದ್ದೇ ಹಾಕಿ.

ಮುಚ್ಚಳದ ನಡುವೆ ಬಟನ್ ಗಾತ್ರದ ಇನ್ನೊಂದು ವಾಲ್ವ್ ಇದೆ. ಎಂಜಿನ್ ತಣ್ಣಗಾಗಿ ನೀರು ಕುಗ್ಗುವಾಗ ಅದು ತೆರೆದುಕೊಳ್ಳಬೇಕು. ಬೆಳಿಗ್ಗೆ ಎದ್ದು ನೋಡಿದಾಗ ಮೇಲಿನ ಹೋಸ್ ಪೈಪು ಹಿಂಡಿದ ಟೂತ್‌ಪೇಸ್ಟ್ ಟ್ಯೂಬಿನಂತೆ ಚಪ್ಪಟೆಯಾಗಿದ್ದರೆ ಆ ವಾಲ್ವ್ ಅಂಟಿಕೊಂಡಿದೆ ಎಂದರ್ಥ. ಕೆಳಗಿನ ಹೋಸ್ ರೇಸ್ ಕೊಟ್ಟಾಗ ಮಾತ್ರ ಚಪ್ಪಟೆಯಾದರೆ ಅದು ಬೇರೆ ರೋಗ: ಪೈಪು ಮೆತ್ತಗಾಗಿದೆ, ಇಲ್ಲವೇ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಪುಡಿಯಾಗಿದೆ. ಪಂಪು ನೀರು ಎಳೆದುಕೊಳ್ಳುವುದು ಈ ಕೆಳಗಿನ ಹೋಸಿನಿಂದಲೇ. ನಿಂತಲ್ಲಿ ಎಲ್ಲ ಸರಿ ಕಾಣುತ್ತದೆ, ಏರಿನಲ್ಲಿ ಕೈ ಕೊಡುತ್ತದೆ.

ಇನ್ನು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬೆಚ್ಚಗಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್. ನಮ್ಮ ಕಡೆ ಇದಕ್ಕಿರುವಷ್ಟು ಶತ್ರುಗಳು ಇಲಿಗೂ ಇಲ್ಲ. ಅದು ಮುಚ್ಚಿಕೊಂಡೇ ಅಂಟಿದರೆ ಗಾಡಿ ಹೀಟ್ ಆಗುವುದು ನಿಜ. ಆದರೆ ಕಿತ್ತೆಸೆದರೆ ಮಲೆನಾಡಿನ ಮಳೆಯಲ್ಲಿ ಎಂಜಿನ್ ಬೆಚ್ಚಗೇ ಆಗುವುದಿಲ್ಲ. ಆಯಿಲ್ ಒಳಗಿನ ತೇವ ಆವಿಯಾಗದೆ ಉಳಿದು, ಆಯಿಲ್ ಹಾಕುವ ಮುಚ್ಚಳದಡಿ ಹಳೇ ಬೆಣ್ಣೆಯಂಥ ಪದಾರ್ಥ ಕೂರುತ್ತದೆ. ಅದನ್ನು ಕಂಡು "ಹೆಡ್ ಗ್ಯಾಸ್ಕೆಟ್ ಹೋಯ್ತು" ಎಂದು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನೇ ಇಳಿಸಿದ ಪುಣ್ಯಾತ್ಮರೂ ಇದ್ದಾರೆ. ಕೀಳುವ ಮೊದಲು ಪರೀಕ್ಷೆ ಮಾಡಿ. ಪಾತ್ರೆಯಲ್ಲಿ ನೀರು ಕಾಯಲಿಟ್ಟು, ಥರ್ಮೋಸ್ಟಾಟನ್ನು ದಾರ ಕಟ್ಟಿ ತಳಕ್ಕೆ ತಾಗದಂತೆ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಮೇಲೆ 82 ಎಂದು ಕೊರೆದಿದ್ದರೆ ಆ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ನೀರು ಮರಳುವ ಹೊತ್ತಿಗೆ ಪೂರ್ತಿ ಬಾಯಿ ತೆರೆಯಬೇಕು. ಪಾತ್ರೆ ಮಾತ್ರ ಹಾಲಿನದ್ದಾಗಬಾರದು. ಮನೆಯವರ ಸಿಟ್ಟು ಒಂದು ಕಡೆ; ರೇಡಿಯೇಟರ್ ನೀರಿಗೆ ಬೆರೆಸುವ, ಥರ್ಮೋಸ್ಟಾಟಿಗೆ ಅಂಟಿದ ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ನಿಜವಾದ ವಿಷ. ರುಚಿ ಸಿಹಿಯಾದ್ದರಿಂದ ನಾಯಿ ಬೆಕ್ಕು ನೆಕ್ಕುತ್ತವೆ; ಚೆಲ್ಲಿದ್ದನ್ನು ಅಂಗಳದಲ್ಲಿ ಹಾಗೇ ಬಿಡಬೇಡಿ.

ನೀರು ಸರಿ, ಇನ್ನು ಗಾಳಿ. ಹೈವೇಯಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ. ಕಲ್ಲುದಾರಿಯಲ್ಲಿ ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ತೆವಳುವಾಗ ಫ್ಯಾನೇ ಗತಿ. ಅದರ ಸುತ್ತಲಿನ ತಗಡಿನ ಕವರು "ಕೆಲಸಕ್ಕೆ ಅಡ್ಡ" ಎಂದು ಯಾವುದೋ ರಿಪೇರಿಯಲ್ಲಿ ಬಿಚ್ಚಿದ್ದು ಗ್ಯಾರೇಜಿನ ಮೂಲೆಯಲ್ಲಿ ಕೋಳಿಗೂಡಿನ ಬಾಗಿಲಾಗಿರುತ್ತದೆ. ಕವರಿಲ್ಲದ ಫ್ಯಾನು ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10-12 ಮಿಲಿಮೀಟರ್ ಬಗ್ಗಬೇಕು. ಅದಕ್ಕಿಂತ ಸಡಿಲವಾದರೆ ಪಂಪೂ ಫ್ಯಾನೂ ಒಟ್ಟಿಗೆ ಸೋಮಾರಿಯಾಗುತ್ತವೆ.

ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ನಾವು ಕನ್ನಡಿಗರು ಕಲಾವಿದರು. ನಾಲ್ಕು ಫಾಗ್ ಲೈಟು, ಕುಲದೇವರ ಹೆಸರಿನ ಬೋರ್ಡು, ಬುಲ್ ಬಾರು, ಅದರ ಮೇಲೆ ಹಗ್ಗದ ಸುರುಳಿ. ಆಯುಧಪೂಜೆ ಬಂತೆಂದರೆ ಎರಡು ಬಾಳೆಕಂಬ, ಮಾರುದ್ದದ ಚೆಂಡುಹೂವಿನ ಹಾರ. ಪೂಜೆಯಾದ ಮೇಲೆ ಹಾರವನ್ನು "ತಾನೇ ಒಣಗಿ ಬೀಳಲಿ" ಎಂದು ಬಿಟ್ಟರೆ ಅದು ಬೀಳುವುದಿಲ್ಲ. ಒಂದೊಂದೇ ಎಸಳು ಒಳಗೆ ಎಳೆದುಕೊಂಡು ಹೋಗಿ ರೇಡಿಯೇಟರಿನ ತೆಳು ತಗಡಿನ ಫಿನ್ನುಗಳ ನಡುವೆ ಕೂರುತ್ತದೆ. ಮೇಲೆ ಹುಲ್ಲಿನ ಬೀಜ, ಅದರ ಮೇಲೆ ಕೆಂಪು ಕೆಸರು: ಗೋಡೆ ಕಟ್ಟಲು ಇನ್ನೇನು ಬೇಕು? ತೊಳೆಯುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ, ತೋಟದ ಪೈಪಿನ ಸಾಧಾರಣ ನೀರಿನಲ್ಲಿ ತೊಳೆಯಿರಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದೆ; ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹಿಡಿದರೆ ಫಿನ್ನುಗಳೆಲ್ಲ ಶ್ಯಾವಿಗೆಯಂತೆ ಮಲಗುತ್ತವೆ.

ಒಳಗಿನ ಕೊಳವೆ ಕಟ್ಟಿದ್ದರೆ ತೊಳೆದು ಉಪಯೋಗವಿಲ್ಲ. ಬಯಲುಸೀಮೆಯ ಬೋರ್‌ವೆಲ್ ನೀರು ಸ್ನಾನದ ಹಂಡೆಯಲ್ಲಿ ಕಟ್ಟುವ ಸುಣ್ಣವನ್ನೇ ಇಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ ಹಾಕಿ. ಎಂಜಿನ್ ಬಿಸಿಯಿರುವಾಗ ಟೆಂಪರೇಚರ್ ಗನ್ ಹಿಡಿದು ರೇಡಿಯೇಟರನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿ. ನಡುವೆ ಎಲ್ಲೋ ಒಂದು ಕಡೆ ತಣ್ಣಗಿದ್ದರೆ ಅಲ್ಲಿ ಕೊಳವೆ ಕಟ್ಟಿದೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕಾಗದು. ಅದು ನಲವತ್ತು ದಾಟುತ್ತಿದ್ದಂತೆ ಗಾಬರಿಯಾಗಿ "ಹೈ" ಎಂದು ತೋರಿಸಿ ಸುಮ್ಮನಾಗುತ್ತದೆ.

ಇಷ್ಟೆಲ್ಲ ನೀರಿನ ಗಲಾಟೆಯಲ್ಲಿ ಆಯಿಲನ್ನು ಕೇಳುವವರಿಲ್ಲ. ಪಿಸ್ಟನ್ನಿನ ಅಡಿಯ, ಬೇರಿಂಗ್‌ಗಳ ಬಿಸಿಯನ್ನು ಹೊರುವುದು ಅದೇ. ಎಂಎಂ540ರ 2112 ಸಿಸಿ ಪ್ಯೂಜೋ ಡೀಸೆಲ್ ಎಂಜಿನ್‌ನಂಥ ಹಳೆಯವುಗಳಲ್ಲಿ ಆ ಬಿಸಿ ಹೆಚ್ಚಾಗಿ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್‌ನ ಮೂಲಕ ಗಾಳಿಗೆ ಹೋಗಬೇಕು. ಆ ಸಂಪಿಗೆ ನಾವು ಎರಡಿಂಚು ಕೆಸರು ಮೆತ್ತಿ, ಸಂಪ್ ಗಾರ್ಡ್ ಒಳಗೆ ತರಗೆಲೆ ತುಂಬಿ ಕಂಬಳಿ ಹೊದೆಸಿರುತ್ತೇವೆ. ಆಯಿಲ್ 90ರಿಂದ 110 ಡಿಗ್ರಿ ಒಳಗಿದ್ದರೆ ಆರಾಮ. 120 ದಾಟಿದರೆ ಗಾಡಿ ನಿಲ್ಲಿಸಲು ಜಾಗ ಹುಡುಕಿ. ಜೋನಿಬೆಲ್ಲವನ್ನು ಒಲೆ ಪಕ್ಕ ಇಟ್ಟು ದೋಸೆ ಮೇಲೆ ಸುರಿದವರಿಗೆ ಗೊತ್ತು, ಬಿಸಿಯಾದಷ್ಟೂ ಅದು ನೀರಾಗುತ್ತದೆ. 100 ಡಿಗ್ರಿಯಲ್ಲಿ ಇದ್ದ ಆಯಿಲಿನ ದಪ್ಪ 130ಕ್ಕೆ ಹೋಗುವಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪ್ರೆಶರ್ ಮೀಟರಿನ ಮುಳ್ಳು ಐಡ್ಲಿಂಗ್‌ನಲ್ಲಿ ನೆಲ ಕಚ್ಚುವುದು ಆಗಲೇ. ಬಿಸಿ ಎಂಜಿನ್‌ನಲ್ಲಿ ಪ್ರತಿ ಸಾವಿರ ಆರ್‌ಪಿಎಮ್‌ಗೆ 10 ಪಿಎಸ್‌ಐ ಇದ್ದರೆ ಸರಿ ಎಂಬುದು ಗ್ಯಾರೇಜಿನ ಅಂದಾಜು. "ಸ್ವಲ್ಪ ಜಾಸ್ತಿ ಇರಲಿ" ಎಂದು ಡಿಪ್‌ಸ್ಟಿಕ್ ಗೆರೆ ದಾಟಿಸಿ ಹೊಯ್ದರೆ ಒಳಗೆ ತಿರುಗುವ ಕ್ರ್ಯಾಂಕು ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸಿ ಇನ್ನಷ್ಟು ಬಿಸಿ ಮಾಡುತ್ತದೆ. ಕಡಿಮೆಯಾದರೂ ಅದೇ ಗೋಳು: ಇದ್ದ ಚೂರು ಆಯಿಲೇ ಮತ್ತೆ ಮತ್ತೆ ಓಡಬೇಕು.

ಏರಿನಲ್ಲಿ ಮೇಲಿನ ಗೇರಿನಲ್ಲೇ ತಿಣುಕಿಸುವುದು ಗಂಡಸುತನ ಎಂದುಕೊಂಡವರಿದ್ದಾರೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು, ಫೋರ್ ವೀಲ್ ಲೋ ಹಾಕಿದರೆ ಎಂಜಿನ್ ಹಗುರಾಗಿ, ಬೇಗ ತಿರುಗುತ್ತದೆ. ಫ್ಯಾನೂ ಪಂಪೂ ಅದರ ಜೊತೆ ಬೇಗ ತಿರುಗುತ್ತವೆ. ತಿಣುಕುವಾಗ ಡೀಸೆಲ್ ಜಾಸ್ತಿ ಉರಿಯುತ್ತದೆ, ಗಾಳಿ ಕಡಿಮೆ ಬರುತ್ತದೆ.

ಎಲ್ಲಕ್ಕಿಂತ ಮೋಸದ ಕ್ಷಣ ಯಾವುದೆಂದರೆ, ಕೆಂಪಿನ ಹತ್ತಿರವಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬೀಳುವುದು. "ನೋಡಿ, ತಣ್ಣಗಾಯ್ತು" ಎಂದು ಮಾವ ಚಕ್ಕುಲಿ ಡಬ್ಬ ತೆಗೆಯುತ್ತಾರೆ. ತಣ್ಣಗಾಗಿರುವುದಿಲ್ಲ. ನೀರು ಖಾಲಿಯಾಗಿ ಸೆನ್ಸರ್ ಬರೀ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಆಗ ತಕ್ಷಣ ಎಂಜಿನ್ ಆಫ್. ನೀರು ಇದ್ದು ಮುಳ್ಳು ಬರೀ ಮೇಲಿದ್ದರೆ ಮಾತ್ರ ಗಾಡಿ ನಿಲ್ಲಿಸಿ 1000-1200 ಆರ್‌ಪಿಎಮ್‌ನಲ್ಲಿ ಕೆಲವು ನಿಮಿಷ ಓಡಲು ಬಿಡಿ. ನೀರಿನ ಮುಳ್ಳು ಬೇಗ ಇಳಿಯುತ್ತದೆ, ಆಯಿಲಿಗೆ ಇನ್ನೂ ಹೊತ್ತು ಬೇಕು. ಮುಳ್ಳು ನೋಡಿ ಮತ್ತೆ ಏರಿಗೆ ನುಗ್ಗಬೇಡಿ.

ಮುಚ್ಚಳವನ್ನು ಅರ್ಧ ಗಂಟೆಯಾದರೂ ಮುಟ್ಟಬೇಡಿ. ಮೇಲಿನ ಹೋಸ್ ಹಿಂಡಿದರೆ ಮೆತ್ತಗೆ ಬಗ್ಗಬೇಕು. ಆಮೇಲೆ ದಪ್ಪ ಬಟ್ಟೆ ಹಿಡಿದು ಮೊದಲ ಹಲ್ಲಿನವರೆಗೆ ತಿರುಗಿಸಿ ಹಬೆ ಬಿಡಿ. ಮಾವ ಹೇಳಿದ ತಣ್ಣೀರು ಕಾದ ಎಂಜಿನ್ನಿಗೆ ಬಿದ್ದರೆ ಹೆಡ್ಡು ಬಿರಿಯಬಹುದು. ಆರಿದ ಮೇಲೆ, ಮೂತಿ ಏರಿನ ಕಡೆಗಿರುವಂತೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ತುಂಬಿ. ಒಳಗಿನ ಗಾಳಿ ಗುಳುಗುಳು ಎನ್ನುತ್ತ ಹೊರಬರುತ್ತದೆ. ಎಷ್ಟು ಹೊತ್ತಾದರೂ ಗುಳುಗುಳು ನಿಲ್ಲದಿದ್ದರೆ ಗ್ಯಾಸ್ಕೆಟ್ ಹೋಗಿರುವ ಅನುಮಾನ, ಮಾತು ಗ್ಯಾರೇಜಿನಲ್ಲಿ.

ಕೊನೆಗೆ ಗುಂಪಿನಲ್ಲಿ ಹಿರಿಯರೊಬ್ಬರು ಅರಿಶಿನದ ಪೊಟ್ಟಣ ತೆಗೆಯುತ್ತಾರೆ. ನಗಬೇಡಿ, ಸಣ್ಣ ಸೋರಿಕೆಗೆ ಎರಡು ಚಮಚ ಅರಿಶಿನ ನಿಜವಾಗಿ ಕೆಲಸ ಮಾಡುತ್ತದೆ. ಪುಡಿ ಉಬ್ಬಿ ತೂತಿನಲ್ಲಿ ಕೂರುತ್ತದೆ. ತೂತು ಯಾವುದು, ಕೊಳವೆ ಯಾವುದು ಎಂಬ ಭೇದ ಮಾತ್ರ ಅದಕ್ಕಿಲ್ಲ. ಊರು ಮುಟ್ಟಿದ ದಿನವೇ ರೇಡಿಯೇಟರ್ ಇಳಿಸಿ ತೊಳೆಸಬೇಕು, ತೂತಿಗೆ ಬೆಸುಗೆ ಹಾಕಿಸಬೇಕು. ಅಂಗಡಿಯವನು ಒಳಗೆ ನೀರು ಬಿಟ್ಟಾಗ ಮೊದಲು ಬರುವುದು ಹಳದಿ ನೀರು, ಆಮೇಲೆ ಸುಣ್ಣ. ಹೊರಗಿನಿಂದ ಉದುರುವುದು ಹೋದ ವರ್ಷದ ಚೆಂಡುಹೂವು.