ಹಳೇ ಡಬಲ್ ಬಾರೂ, ನಮ್ಮ ಕಬ್ಬಿನ ಹೊಲವೂ

ಕಳೆದ ತಿಂಗಳು ಅಣ್ಣನ ಮಗ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ. ಅಮೆರಿಕದ ಯಾವುದೋ ಹೊಲ. ಒಬ್ಬ ಜೀಪಿನ ಮೇಲೆ ನಿಂತು ಸೆಮಿ ಆಟೋಮ್ಯಾಟಿಕ್ ರೈಫಲ್ಲಿನಿಂದ ಢಂ ಢಂ ಅಂತ ಹಂದಿ ಉರುಳಿಸುತ್ತಿದ್ದಾನೆ. ಕೆಳಗೆ ಹುಡುಗನ ಮಾತು: "ಕಾಕಾ, ಇಂಥಾದು ಸೆಕೆಂಡ್ ಹ್ಯಾಂಡ್ ಸಿಗತೈತೇನು ನೋಡ್ರಿ. ನಿಮ್ಮ ಹಳೇ ಡಬಲ್ ಬಾರ್ ಮಾರಿಬಿಡೂಣು."

ಡಬಲ್ ಬಾರ್ ಅಂದರೆ ಕಬ್ಬಿನ ಹೊಲಕ್ಕೆ ಬರುವ ಹಂದಿ ಓಡಿಸೋಕೆ ನಾನು ಇಟ್ಟುಕೊಂಡಿರುವ ಎರಡು ನಳಿಗೆಯ ಬಂದೂಕು. ಫೋನ್ ಮಾಡಿ ಎರಡು ಮಾತು ಹೇಳಿ ಮುಗಿಸಿದೆ. ಆಮೇಲೆ ಮುಧೋಳದ ಸಂತೆಯಲ್ಲಿ ಇನ್ನೂ ಮೂರು ಜನ ಇದೇ ಮಾತು ತೆಗೆದರು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರಾದರೆ ಮುಂದೆ ಸಾಗಿ.

ಮೊದಲು ಆ ಸೆಮಿ ಆಟೋ, ಅಂದರೆ ಒಂದು ಹೊಡೆದ ಕೂಡಲೇ ಮುಂದಿನ ಗುಂಡು ತಾನೇ ತುಂಬಿಕೊಳ್ಳುವ ರೈಫಲ್ಲಿನ ಆಸೆ ಬಿಡಿ. 2016ರ ಆರ್ಮ್ಸ್ ರೂಲ್ಸಿನ ಪಟ್ಟಿಯಲ್ಲಿ ಅದು ಮೊದಲನೇ ವರ್ಗದಲ್ಲಿ ಕೂತಿದೆ. ಹೊಲ ಕಾಯಬೇಕು ಅಂತ ಡಿಸಿ ಆಫೀಸಿಗೆ ಅರ್ಜಿ ಹಾಕಿ ತರುವ ಸಾಮಾನಲ್ಲ. ನಮ್ಮಂಥವರಿಗೆ ದಾರಿ ಇರೋದು ನಯ ನಳಿಗೆಯ, ಅಂದರೆ ಒಳಗೆ ರೈಫಲ್ಲಿನ ಹಾಗೆ ಸುರುಳಿ ಗೀರು ಇಲ್ಲದ ಬಂದೂಕಿಗೆ. ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು ಅಷ್ಟೆ. 1959ರ ಆರ್ಮ್ಸ್ ಕಾಯ್ದೆಯಲ್ಲೇ ರಕ್ಷಣೆಗೆ ಅಂತ ಅದಕ್ಕೆ ಬೇರೆ ಜಾಗ ಕೊಟ್ಟಿದ್ದಾರೆ. ರೈಫಲ್ಲೇ ಬೇಕು ಅನ್ನುವವರಿಗೆ ಪಾಯಿಂಟ್ 315 ಬೋರ್ ಇದೆ (ಬೋರ್ ಅಂದರೆ ನಳಿಗೆಯ ಒಳ ಅಳತೆ), ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಕೈಯಿಂದ ಎಳೆದು ಒಂದೊಂದೇ ಹೊಡೆಯೋದು. ಆದರೆ ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ನಮ್ಮದು ಬಯಲು. ಹೊಲ ದಾಟಿದರೆ ಪಂಪ್‌ಸೆಟ್ ಮನೆ, ಅದರಾಚೆ ಕಬ್ಬು ಕಡಿಯುವವರ ಗುಡಿಸಲು. ರಾತ್ರಿ ಎರಡು ಗಂಟೆಗೆ ಹಂದಿಗೆ ಬಿಟ್ಟ ಗುಂಡು ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಯಾರು ಹೇಳಬೇಕು?

ಆ ಸೆಮಿ ಆಟೋ ಸಿಗುವ ದೇಶದಲ್ಲಾದರೂ ಕತೆ ಸಲೀಸಲ್ಲ. ನನ್ನ ಜಮಖಂಡಿಯ ಗೆಳೆಯನೊಬ್ಬ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿಯೂ ಹಂದಿ ಕಾಟ ಭಾಳ. ಹಳೇ ಸೆಮಿ ಆಟೋ ಕೊಳ್ಳೋಕೆ ಹೋದಾಗ ಮೊದಲು ಅವನ ಕಣ್ಣಿಗೆ ಬಿದ್ದದ್ದು ರೆಮಿಂಗ್ಟನ್ 742. 1960ರಿಂದ 1980ರವರೆಗೆ ಬಂದ ಮಾಡಲ್. ರೇಟು ಕಡಿಮೆ, ಕಟ್ಟಿಗೆ ಫಳಫಳ. ಬೋಲ್ಟ್ ಹಿಂದಕ್ಕೆ ಎಳೆದು ಟಾರ್ಚ್ ಬಿಟ್ಟು ನೋಡಿದರೆ, ಬೋಲ್ಟ್ ಓಡಾಡುವ ಹಳಿಯ ಮೇಲೆ ಇಲಿ ಕಡಿದ ಹಾಗೆ ಕಚ್ಚು. ಆ ಮಾಡಲ್ಲಿಗೆ ಅದು ಹೆಸರಾದ ರೋಗ. ಹಳಿ ಹೋದರೆ ಬಂದೂಕೇ ಹೋದಂತೆ. ಕೊನೆಗೆ ಅವನು ಬ್ರೌನಿಂಗ್ ಬಿಎಆರ್ ತಗೊಂಡ. 1967ರಿಂದ ಬರುತ್ತಿರುವ ಬೇಟೆ ರೈಫಲ್, ಗಟ್ಟಿ ಅಂತ ಹೆಸರು. ಅದನ್ನೂ ಬಿಚ್ಚಿ ಗ್ಯಾಸ್ ಪಿಸ್ಟನ್ನಿನ ಮಸಿ ಒರೆಸದಿದ್ದರೆ ಒಂದಿನ ಸಿಕ್ಕಿಕೊಳ್ಳುತ್ತದೆ. ಗುಂಡು ಹೊಡೆದ ಗ್ಯಾಸಿನಲ್ಲೇ ಒಂದು ಪಾಲು ಕದ್ದು ಮುಂದಿನ ಗುಂಡು ತುಂಬಿಕೊಳ್ಳುವ ಯಂತ್ರ ನೋಡಿ, ಅದಕ್ಕೆ ಹಿಂದಿನ ಮಾಲೀಕನ ಸೋಮಾರಿತನ ಪೂರಾ ನೆನಪಿರುತ್ತದೆ.

ಡಬಲ್ ಬಾರಿನಲ್ಲಿ ಈ ತಂಟೆ ಇಲ್ಲ. ಎರಡು ನಳಿಗೆ, ಎರಡು ಕುದುರೆ (ಟ್ರಿಗರ್), ಒಂದು ಕೀಲು. ಬಲದ್ದು ಕೈಕೊಟ್ಟರೆ ಎಡದ್ದು ಇದೆ.

ಹಾಗಂತ ಹಳೇ ಡಬಲ್ ಬಾರ್ ಎಲ್ಲವೂ ಒಳ್ಳೇವಲ್ಲ. ನಾನು ನೋಡಿದ ಮೊದಲನೇದು ಗೋಕಾಕ ಕಡೆಯ ಒಂದು ವಾಡೆಯಲ್ಲಿತ್ತು. ಬರ್ಮಿಂಗ್‌ಹ್ಯಾಮಿನ ಮಾಲು. ಮಾರುವವರು ರೇಷ್ಮೆ ಬಟ್ಟೆ ಬಿಚ್ಚಿ ತೆಗೆದರು. ನಳಿಗೆಯ ಮೈಮೇಲೆ ಕೆರೆಯ ನೀರಿನ ಅಲೆಯಂಥ ಗೆರೆಗಳು. ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದದ್ದು. ನಿಜ ಹೇಳ್ತೀನಿ, ಕಣ್ಣು ಕೀಳೋಕೆ ಆಗಲಿಲ್ಲ. "ನಮ್ಮ ಮುತ್ಯಾ ಇದರಾಗ ಚಿರತಿ ಹೊಡದಿದ್ದ" ಅಂದರು. ಇರಬಹುದು. ಹಳೇ ಬಂದೂಕು ಮಾರುವವರ ಮುತ್ಯಾ ಎಲ್ಲರೂ ಚಿರತೆ ಹೊಡೆದವರೇ.

ಕೀಲಿನ ಹತ್ತಿರ ದಪ್ಪಗೆ ಕುಂಕುಮ, ಭಂಡಾರ ಅಂಟಿತ್ತು. ವರ್ಷಾ ಖಂಡೇನವಮಿಗೆ, ಅಂದರೆ ಆಯುಧ ಪೂಜೆಗೆ, ಹಚ್ಚಿದ್ದರ ಮೇಲೆ ಮತ್ತೆ ಹಚ್ಚಿದ್ದು. ಕೇಳಿಕೊಂಡು ಟಾವೆಲ್ಲಿನ ತುದಿಗೆ ಎಣ್ಣೆ ಮಾಡಿ ಮೆಲ್ಲಗೆ ಒರೆಸಿದೆ. ಕೆಂಪು ಹೋಯಿತು, ಅದರ ಕೆಳಗೆ ಇನ್ನೊಂದು ಕೆಂಪು. ತುಕ್ಕು. ಅದನ್ನೂ ತಿಕ್ಕಿದರೆ ಜೋಳದ ರೊಟ್ಟಿ ಮೇಲಿನ ಚುಕ್ಕಿಯ ಹಾಗೆ ಕುಳಿಗಳು. ಕುಂಕುಮ ಗಾಳಿಯ ತೇವ ಹೀರಿ ಇಟ್ಟುಕೊಳ್ಳುತ್ತದೆ, ಮೇಲೆ ಕಾಯಿ ಒಡೆದ ನೀರು ಬೇರೆ. ಭಕ್ತಿಯಿಂದಲೇ ಬಂದೂಕನ್ನು ತಿಂದುಬಿಟ್ಟಿದ್ದರು.

ನಳಿಗೆ ಬಿಚ್ಚಿ ತಿರುವಿ ನೋಡಿದೆ. ಅಡಿಯ ಚಪ್ಪಟೆ ಭಾಗದಲ್ಲಿ ಪ್ರೂಫ್ ಮಾರ್ಕ್ ಇರುತ್ತದೆ, ನಳಿಗೆಯನ್ನು ಪರೀಕ್ಷೆ ಮಾಡಿ ಒತ್ತಿದ ಮುದ್ರೆ. ಈಗಿನ ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆ ಆಗಿದ್ದರೆ ನೈಟ್ರೋ ಅಂತ ಇರಬೇಕು. ಇದರಲ್ಲಿ ಇರಲಿಲ್ಲ. ಕರಿಮದ್ದಿನ ಕಾಲದ್ದು. ಸಾಲದ್ದಕ್ಕೆ ಹಳೇ ಇಂಗ್ಲಿಷ್ ಬಂದೂಕುಗಳಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲದ ಒಂದು ಮೋಸ ಇದೆ. ಅವುಗಳ ಚೇಂಬರ್, ಅಂದರೆ ಕಾಡತೂಸು ಕೂರುವ ಜಾಗ, ಹೆಚ್ಚಾಗಿ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಸಿಗುವ ಕಾಡತೂಸು ಹೆಚ್ಚಾಗಿ 70ರದ್ದು. ಒಳಗೆ ಕೂರುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಯಾಕಂದರೆ ಮಡಚಿದ ಬಾಯಿ ಇರುವಾಗ ಕಾಡತೂಸು ಗಿಡ್ಡ. ಹೊಡೆದಾಗ ಆ ಮಡಿಕೆ ಬಿಚ್ಚಿ ಉದ್ದ ಆಗುತ್ತದಲ್ಲ, ಆಗ ಅದಕ್ಕೆ ಜಾಗ ಸಾಲದೆ ಒತ್ತಡ ಏರುತ್ತದೆ. ಹಿಡಿದವನ ಎಡಗೈ ಇರೋದು ಅಲ್ಲೇ, ನಳಿಗೆಯ ಕೆಳಗೆ.

ಕೈಮುಗಿದು, ಚಹಾ ಕುಡಿದು ಬಂದೆ. ಗೋಡೆಗೆ ತೂಗುಹಾಕೋಕೆ ಅದಕ್ಕಿಂತ ಚಂದದ್ದು ಸಿಗಲಿಕ್ಕಿಲ್ಲ. (ಗೋಡೆಗೆ ಹಾಕಿದರೂ ಲೈಸನ್ಸ್ ಬೇಕು, ಮತ್ತೆ ನನಗೆ ಬೈಬೇಡಿ.)

ಎರಡನೇದು ಇಂಡಿ ಕಡೆ ಸಿಕ್ಕಿತು, ನಿಂಬೆ ತೋಟದ ಹಿರಿಯರೊಬ್ಬರ ಹತ್ತಿರ. ಎಪ್ಪತ್ತು ದಾಟಿದ್ದರು. 70 ವರ್ಷ ಆದರೆ, ಇಲ್ಲಾ 25 ವರ್ಷ ಬಂದೂಕು ಇಟ್ಟುಕೊಂಡಿದ್ದರೆ, ಮಕ್ಕಳ ಹೆಸರಿಗೆ ಕೊಡೋಕೆ ರೂಲ್ಸಿನಲ್ಲಿ ಅವಕಾಶ ಇದೆ. ಪುಣೆಯ ಮಗನಿಗೆ ಬೇಡವಾಗಿತ್ತು. ಹಾಗೆ ನೋಡಿದರೆ ಈಗ ಒಳ್ಳೇ ಹಳೇ ಬಂದೂಕು ಹೊರಗೆ ಬರುತ್ತಿರೋದು ಎರಡೇ ಕಾರಣಕ್ಕೆ. ಒಂದು ಇದು. ಇನ್ನೊಂದು 2019ರ ತಿದ್ದುಪಡಿ. ಮೊದಲು ಒಬ್ಬರು ಮೂರು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ.

ಬಂದೂಕು ಇಂಡಿಯನ್ ಆರ್ಡ್‌ನೆನ್ಸ್ ಫ್ಯಾಕ್ಟರಿಯದು. 12 ಬೋರ್, 70ರ ಚೇಂಬರ್. ಕೆತ್ತನೆ ಇಲ್ಲ, ಚಂದ ಇಲ್ಲ, ಎತ್ತಿನ ಗಾಡಿಯ ನೊಗದಂಥ ಕಟ್ಟಿಗೆ. ಹಿಡಿಯುವ ಜಾಗದಲ್ಲಿ ಬಣ್ಣ ಪೂರಾ ಹೋಗಿ ಬೆಳ್ಳಗಾಗಿತ್ತು. ನನಗೆ ಖುಷಿ ಆಯ್ತು. ಕೈ ಸವೆಸಿದ ಕಬ್ಬಿಣ ಬೇರೆ, ತುಕ್ಕು ತಿಂದ ಕಬ್ಬಿಣ ಬೇರೆ. ಹೊಸದಾಗಿ ಕಪ್ಪು ಬಣ್ಣ ಏರಿಸಿದ ಬಂದೂಕು ಕಂಡರೆ ಮಾತ್ರ ನನಗೆ ಅನುಮಾನ. ಏನನ್ನೋ ಮುಚ್ಚಿದ್ದಾರೆ.

ಮುಂದಿನ ಹಿಡಿ ತೆಗೆದು, ಬಂದೂಕು ಮುಚ್ಚಿ, ಬುಡ ಹಿಡಿದು ಅಲ್ಲಾಡಿಸಿದೆ. ಟಕಟಕ ಅನ್ನಲಿಲ್ಲ. ಜೇಬಿನಲ್ಲಿದ್ದ ಬೀಡಿ ಕಟ್ಟಿನ ತೆಳ್ಳನೆ ಕಾಗದ ಹರಿದು ನಳಿಗೆಗೂ ಹಿಂದಿನ ಗೋಡೆಗೂ ನಡುವೆ ಇಟ್ಟು ಮುಚ್ಚಿ ಎಳೆದೆ. ಬರಲಿಲ್ಲ, ಹರಿಯಿತು. ಕೀಲು ಸವೆದಿದ್ದರೆ ಕಾಗದ ಜಾರಿ ಬರುತ್ತದೆ, ಬೆಳಕಿಗೆ ಹಿಡಿದರೆ ಸಂದಿ ಕಾಣುತ್ತದೆ. ಬಂದೂಕು ತೆರೆಯೋಕೆ ತಿರುಗಿಸುವ ಮೇಲಿನ ಚಾವಿ, ಮುಚ್ಚಿದಾಗ ನಟ್ಟನಡುವೆಗಿಂತ ಕೂದಲೆಳೆ ಬಲಕ್ಕೆ ನಿಂತಿತ್ತು. ಜಾಸ್ತಿ ಸವೆದ ಬಂದೂಕಿನಲ್ಲಿ ಅದು ನಡು ದಾಟಿ ಎಡಕ್ಕೆ ವಾಲುತ್ತದೆ. ಎಷ್ಟು ಬಾರು ಹಾರಿಸಿದೆ ಅಂತ ಮಾಲೀಕ ಸುಳ್ಳು ಹೇಳಬಹುದು, ಚಾವಿ ಹೇಳೋದಿಲ್ಲ.

ಆಮೇಲೆ ನಳಿಗೆ ಬಿಚ್ಚಿ ಒಂದು ಬೆರಳಿಗೆ ತೂಗುಹಾಕಿ ಬೆರಳ ಗಂಟಿನಿಂದ ಬಡಿದೆ. ಸಂತೆಯಲ್ಲಿ ಗಡಿಗೆ ಬಡಿದು ನೋಡಿ ಕೊಳ್ಳೋದಿಲ್ವಾ, ಹಾಗೆ. ಝಣ್ ಅಂತು, ಸ್ವಲ್ಪ ಹೊತ್ತು ಗುನುಗಿತು. ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದ್ದರೆ ಒಡೆದ ಗಡಿಗೆಯ ದನಿ ಬರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಬೆಳಕಿನ ಉಂಗುರಗಳು ದುಂಡಗೆ ಒಂದರೊಳಗೊಂದು ಇರಬೇಕು. ಎಲ್ಲಾದರೂ ಕರೀ ಉಂಗುರ ಕಂಡರೆ ನಳಿಗೆ ಅಲ್ಲಿ ಉಬ್ಬಿದೆ ಅಂತ ಅರ್ಥ. ನಮ್ಮ ಎರೆ ನೆಲದಲ್ಲಿ ಇದು ಜಾಸ್ತಿ. ಬದು ದಾಟುವಾಗ ಕಾಲು ಜಾರುತ್ತದೆ, ನಳಿಗೆಯ ಬಾಯಿ ಕೆಸರಿಗೆ ಹೋಗುತ್ತದೆ, ಒರೆಸದೆ ಬಾರು ಹಾರಿಸುತ್ತಾರೆ. ಮುಗೀತು. ಕೆಲವರು ಉಬ್ಬಿದ, ನೆಗ್ಗಿದ ತುದಿ ಕೊಯ್ದು ಮಾರೋದೂ ಉಂಟು. ಬಾಯಿಯ ಹತ್ತಿರ ಎರಡು ನಳಿಗೆಯ ನಡುವೆ ಟೊಳ್ಳು ಕಂಡರೆ ವಾಪಸ್ ಬನ್ನಿ.

ಕೊನೆಗೆ ಕುದುರೆ. ಎರಡು ಡಮ್ಮಿ ಕಾಡತೂಸು ಹಾಕಿದೆ, ಖಾಲಿ ಬಂದೂಕಿನ ಕುದುರೆ ಎಳೆದರೆ ಪಿನ್ನಿಗೆ ಪೆಟ್ಟು. ಸೇಫ್ಟಿ ಹಾಕಿ ಎರಡೂ ಎಳೆದೆ, ಬೆರಳು ತೆಗೆದೆ, ಆಮೇಲೆ ಸೇಫ್ಟಿ ಬಿಟ್ಟೆ. ಟಕ್ ಅನ್ನಬಾರದು, ಅನ್ನಲಿಲ್ಲ. ಬುಡವನ್ನು ಗೋಣಿಚೀಲದ ಮೇಲೆ ಕುಟ್ಟಿದೆ, ಆಗಲೂ ಬೀಳಲಿಲ್ಲ. ಹಿರಿಯರು ಸುಮ್ನೆ ಕೂತು ನೋಡುತ್ತಿದ್ದವರು "ಎಮ್ಮಿ ಹಲ್ಲು ನೋಡಿದಂಗ ನೋಡಾಕತ್ತೀರಲ್ಲ" ಅಂದರು. ಬೇಜಾರಿನಿಂದಲ್ಲ. ಅವರಿಗೂ ಇಂಥವನೇ ಬೇಕಿತ್ತು ಅನ್ನಿಸುತ್ತೆ.

ಕಾಗದದ ಕೆಲಸ ಬಂದೂಕು ನೋಡಿದ್ದಕ್ಕಿಂತ ಹತ್ತು ಪಟ್ಟು. ಕೊಳ್ಳುವವನ ಲೈಸನ್ಸಿನಲ್ಲಿ ಅದಕ್ಕೆ ಜಾಗ ಇರಬೇಕು. ಮಾರುವವರು ಮೊದಲು ಡಿಸಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಅಡ್ವಾನ್ಸ್ ಕೊಟ್ಟು ಬಂದೂಕು ಮನೆಗೆ ತರೋ ಹಾಗಿಲ್ಲ. ನಳಿಗೆ ಮೇಲಿನ ನಂಬರಿಗೂ ಲೈಸನ್ಸಿನ ನಂಬರಿಗೂ ಒಂದಂಕಿ ಫರಕು ಇದ್ದರೂ ಮುಟ್ಟಬೇಡಿ.

ಇನ್ನು ಚುನಾವಣೆ. ಅದು ಬಂದರೆ ಬಂದೂಕು ಠಾಣೆಗೆ ಒಪ್ಪಿಸಿ ಅಂತ ನೋಟಿಸ್ ಬರುತ್ತದೆ. 2023ರಲ್ಲಿ ವಿಧಾನಸಭೆಗೆ ಒಮ್ಮೆ, 2024ರಲ್ಲಿ ಲೋಕಸಭೆಗೆ ಒಮ್ಮೆ ನನ್ನ ಬಂದೂಕು ಠಾಣೆಗೆ ಹೋಯಿತು. ಎರಡನೇ ಸಲ ವಾಪಸ್ ಬಂದಾಗ ನಳಿಗೆಯೊಳಗೆ ಜೇಡ ಮನೆ ಕಟ್ಟಿತ್ತು, ಮೇಲೆ ಸಣ್ಣಗೆ ತುಕ್ಕು. ಈಗ ಕೊಡುವಾಗಲೇ ಒಳಗೂ ಹೊರಗೂ ಎಣ್ಣೆ ಬಳಿದು, ಎಣ್ಣೆ ಬಟ್ಟೆ ಸುತ್ತಿ ಕೊಡುತ್ತೇನೆ. ನೋಟಿಸ್ ಬಂದಾಗೆಲ್ಲ ನನಗೆ ನಮ್ಮ ಪಕ್ಕದ ಹಲಗಲಿ ನೆನಪಾಗುತ್ತದೆ. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿ ಅಂದಾಗ ಅಲ್ಲಿಯ ಬೇಡರು ಕೊಡೋದಿಲ್ಲ ಅಂದರು. ಊರು ಸುಟ್ಟರು, ಮುಧೋಳದಲ್ಲಿ ಸಂತೆಯ ದಿನ ಗಲ್ಲಿಗೆ ಹಾಕಿದರು. ಕೊಡವರಿಗೆ ಲೈಸನ್ಸೇ ಬೇಡ, 2029ರವರೆಗೆ ರಿಯಾಯಿತಿ ಇದೆ. ಹತಾರಕ್ಕಾಗಿ ಜೀವ ಕೊಟ್ಟ ಊರಿನ ಪಕ್ಕದವರಾದ ನಾವು ಸಾಲಿನಲ್ಲಿ ನಿಂತು ರಸೀದಿ ತಗೊಂಡು ಬರುತ್ತೇವೆ. ಸುಮ್ನೆ ಹೇಳಿದೆ.

ಹುಡುಗನಿಗೆ ಹೇಳಿದ ಇನ್ನೊಂದು ಮಾತು: ಬಂದೂಕಿನ ಲೈಸನ್ಸ್ ಅಂದರೆ ಬೇಟೆಯ ಲೈಸನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅನ್ನೋದು ಈಗ ಇಲ್ಲಿ ಮುಗಿದ ಕತೆ. ಬೆಳೆ ತಿನ್ನುವ ಹಂದಿಗೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಚಿಗರಿ, ಚಿಂಕಾರದ ಮಾತಂತೂ ಎತ್ತಲೇಬಾರದು. ಅತ್ತ ಯಡಹಳ್ಳಿಯಲ್ಲಿ ಚಿಂಕಾರಕ್ಕೇ ಅಂತ ಒಂದು ವನ್ಯಧಾಮ ಇದೆ. ನಾನು ಹಾರಿಸಿದ್ದೆಲ್ಲ ಇಲ್ಲಿಯವರೆಗೆ ಸದ್ದಿಗೆ, ಬದುವಿನ ಮಣ್ಣಿನ ದಿಬ್ಬಕ್ಕೆ ಗುರಿ ಇಟ್ಟು. ಹಂದಿ ಓಡುತ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತದೆ. ಮನೆಯ ಎರಡು ಮುಧೋಳ ನಾಯಿಗಳು ಆ ಬಂದೂಕಿಗಿಂತ ಜಾಸ್ತಿ ಕಬ್ಬು ಉಳಿಸಿವೆ ಅಂದರೂ ತಪ್ಪಿಲ್ಲ.

ಬಂದೂಕು ಕೈಗೆ ಬಂದ ವರ್ಷ ಖಂಡೇನವಮಿಯ ಬೆಳಿಗ್ಗೆ ಇಂಡಿಯಿಂದ ಫೋನ್ ಬಂತು. ನಮಸ್ಕಾರ, ಮಳೆ, ನಿಂಬೆಯ ರೇಟು ಎಲ್ಲ ಆಯ್ತು. ಆಮೇಲೆ ಸ್ವಲ್ಪ ತಡೆದು ಕೇಳಿದರು: "ಪೂಜಿ ಆತೇನ್ರಿ?"

"ಈಗ ಮಾಡಬೇಕ್ರಿ" ಅಂದೆ.

"ಕುಂಕುಮ ಕಬ್ಬಿಣಕ್ಕ ಹಚ್ಚಬ್ಯಾಡ್ರಿ. ಕಟ್ಟಿಗಿಗೆ ಹಚ್ರಿ. ಸಂಜಿಗೆ ಒರಸಿಬಿಡ್ರಿ."