ಸಿ ಅಂದರೆ ಕೋಲ್ಡ್ ಅಲ್ಲ

ವೆನಿಸ್ಸಿನ ಹೋಟೆಲ್ಲಿನ ಬಚ್ಚಲಲ್ಲಿ ಹಳೇ ಕಾಲದ ಎರಡು ನಲ್ಲಿಗಳಿದ್ದವು. ಒಂದರ ನೆತ್ತಿಯ ಮೇಲೆ ‘ಸಿ’, ಇನ್ನೊಂದರ ಮೇಲೆ ‘ಎಫ್’. ತಿಪಟೂರು ತಾಲ್ಲೂಕಿನಲ್ಲಿ 32 ವರ್ಷ ಇಂಗ್ಲಿಷ್ ಪಾಠ ಹೇಳಿದ ಮೇಷ್ಟ್ರಿಗೆ ಸಿ ಅಂದರೇನು ಅಂತ ಯಾರಾದರೂ ಹೇಳಿಕೊಡಬೇಕೆ? ಎಫ್ ಮಾತ್ರ ಸ್ವಲ್ಪ ಅನುಮಾನ ಹುಟ್ಟಿಸಿತು. ಫೈರ್ ಇರಬಹುದು, ಅಂತೂ ಬಿಸಿಗೆ ಸಂಬಂಧಪಟ್ಟದ್ದೇ ಎಂದು ಸಮಾಧಾನ ಮಾಡಿಕೊಂಡೆ. ಜುಲೈ ತಿಂಗಳು, ನಮ್ಮ ಏಪ್ರಿಲ್ಲನ್ನು ನಾಚಿಸುವ ಸೆಕೆ. ತಣ್ಣೀರು ಬಿದ್ದರೆ ಸಾಕಾಗಿತ್ತು. ಸಿ ಅನ್ನು ಪೂರ್ತಿ ತಿರುಗಿಸಿ ಷವರಿನ ಕೆಳಗೆ ನಿಂತೆ.

ಆಮೇಲಿನದನ್ನು ಕ್ರಮವಾಗಿ ಹೇಳಲಾರೆ. ಕಿರುಚಿದ್ದು ನಿಜ, ಹಾರಿದ್ದೂ ನಿಜ. ಹಾರುವವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ, ಗೋಡೆಯ ಮೇಲಿಂದ ಒಂದು ದಾರ ಇಳಿಬಿದ್ದಿತ್ತು. ದೀಪದ್ದೋ ಫ್ಯಾನಿನದೋ ಇರಬೇಕೆಂದು ಬಂದಾಗಲೇ ನೋಡಿಟ್ಟುಕೊಂಡಿದ್ದೆ. ಅದನ್ನೇ ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ.

ಇಟಲಿಯ ಹೋಟೆಲ್ಲುಗಳ ಬಚ್ಚಲಲ್ಲಿ ತೂಗುವ ಈ ದಾರ, ಜಾರಿಬಿದ್ದವರು ಸಹಾಯಕ್ಕೆ ಕರೆಯಲೆಂದು ಇಟ್ಟಿರುವುದು. ಎಳೆದರೆ ಕೆಳಗೆ ಕೌಂಟರಿನಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ. ಎರಡು ನಿಮಿಷದೊಳಗೆ ಕೌಂಟರಿನ ಹುಡುಗ ಏದುಸಿರು ಬಿಡುತ್ತ ಬಾಗಿಲಲ್ಲಿದ್ದ. ನಾನು ಟವೆಲ್ಲಿನಲ್ಲಿದ್ದೆ. ನಲ್ಲಿಯ ಕಡೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ದೂರು ಕೊಟ್ಟೆ. ಅವನು ನಲ್ಲಿ ಮುಟ್ಟಿ ನೋಡಿ ತಲೆಯಾಡಿಸಿ, “ಸೀ, ಕಾಲ್ದೊ” ಎಂದ.

“ನೋ ಕೋಲ್ಡ್! ಹಾಟ್!” ಎಂದೆ.

“ಸೀ ಸಿನ್ಯೋರೆ, ಕಾಲ್ದೊ!”

“ಹಾಟ್ ಕಣಯ್ಯಾ, ಹಾಟ್!”

“ಕಾಲ್ದೊ, ಕಾಲ್ದೊ!” ಎಂದು ಅವನೂ ದನಿ ಏರಿಸಿದ. ಬೆನ್ನು ಕೆಂಪಗೆ ಬೆಂದ ಮನುಷ್ಯನ ಎದುರು ನಿಂತು ನೀರು ಕೋಲ್ಡ್ ಎಂದು ಸಾಧಿಸುತ್ತಾನಲ್ಲ ಎಂದು ನನಗೆ ರೇಗಿತು. ಇಷ್ಟು ಹೊತ್ತಿಗೆ ಸರೋಜ ಎದ್ದು ಬಂದಳು. ಸಿ ನಲ್ಲಿಯ ಮೇಲೆ ಕೈ ಇಟ್ಟು “ಉಸ್ಸ್” ಎಂದಳು. ಹುಡುಗ ಖುಷಿಯಾಗಿ “ಕಾಲ್ದೊ!” ಎಂದ. ಎಫ್ ಮೇಲೆ ಕೈ ಇಟ್ಟು ಮೈ ನಡುಗಿಸಿದಳು. “ಫ್ರೆದ್ದೊ!” ಎಂದ. ಇವಳು ನನ್ನ ಕಡೆ ತಿರುಗಿ, “ಇವರ ಭಾಷೇಲಿ ಬಿಸಿಗೆ ಕಾಲ್ದೊ ಅಂತಾರಂತೆ ಕಣ್ರೀ. ಆ ಹುಡುಗನ್ನ ಯಾಕೆ ಬೈತೀರಿ” ಎಂದಳು. ಬೈಗುಳ ಇಂಗ್ಲಿಷಿನಲ್ಲಿದ್ದುದರಿಂದ ಹುಡುಗನಿಗೆ ತಲುಪಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಅದೇ ಬಚ್ಚಲಿನ ಬಗ್ಗೆ ಒಂದು ಒಳ್ಳೆಯ ಮಾತೂ ಹೇಳಬೇಕು. ಮ್ಯೂನಿಕ್ಕಿನ ಮಗನ ಮನೆಯಲ್ಲಿ ಮೂರು ವಾರ ಬರೀ ಕಾಗದದ ವನವಾಸ ಅನುಭವಿಸಿ ಬಂದಿದ್ದ ನಮಗೆ, ಕಮೋಡಿನ ಪಕ್ಕದಲ್ಲಿ ತೊಳೆದುಕೊಳ್ಳಲಿಕ್ಕೆಂದೇ ಇಟ್ಟ ಇನ್ನೊಂದು ಪುಟ್ಟ ಬೇಸಿನ್ ಕಂಡು ಕಣ್ಣು ತುಂಬಿ ಬಂತು. ಬಿಡೆ ಅನ್ನುತ್ತಾರೆ. ಮನೆ ಕಟ್ಟಿದರೆ ಒಂದಾದರೂ ಬಚ್ಚಲಲ್ಲಿ ಇದು ಇರಲೇಬೇಕು ಎಂದು 1975ರಲ್ಲಿ ಅಲ್ಲಿನ ಸರ್ಕಾರ ಆದೇಶವನ್ನೇ ಹೊರಡಿಸಿದೆ. ಮೊದಲ ದಿನ ನಾನು ಅದರಲ್ಲಿ ಕಾಲು ತೊಳೆದು ಕಾಲುಚೀಲ ನೆನೆಹಾಕಿದೆ ಅನ್ನುವುದು ಬೇರೆ ವಿಷಯ.

ಆ ಹೋಟೆಲ್ ಸಿಕ್ಕಿದ್ದೇ ಪುಣ್ಯ. ಮಗನಿಗೆ ರಜ ಸಿಕ್ಕಿರಲಿಲ್ಲ. “ಐದು ದಿನ ನೀವಿಬ್ಬರೇ ಇಟಲಿ ನೋಡ್ಕೊಂಡು ಬರ್ತೀರಾ ಅಪ್ಪ?” ಎಂದಾಗ, “ಇಂಗ್ಲಿಷ್ ಮೇಷ್ಟ್ರಿಗೆ ಜೊತೆ ಯಾಕೋ” ಎಂದು ಜಂಬ ಕೊಚ್ಚಿದವನು ನಾನೇ. ವೆನಿಸ್ಸಿನ ಸಾಂತಾ ಲೂಚಿಯಾ ಸ್ಟೇಷನ್ನಿನಿಂದ ಹೊರಗೆ ಬಂದರೆ ಆಟೋ ಸ್ಟ್ಯಾಂಡ್ ಇರಬೇಕಾದ ಜಾಗದಲ್ಲಿ ನೀರು. ಕೈಯಲ್ಲಿದ್ದ ವಿಳಾಸದಲ್ಲಿ ಬೀದಿಯ ಹೆಸರೇ ಇಲ್ಲ. ಕನ್ನರೇಜೊ, ಮುಂದೆ ನಾಲ್ಕಂಕಿಯ ಒಂದು ಸಂಖ್ಯೆ, ಅಷ್ಟೆ. “ಕನ್ನ ಅಂತಿದೆ, ಕನ್ನಡದವರ ಕೇರಿನೇ ಇರ್ಬೇಕು” ಎಂದಳು ಸರೋಜ. ಊರನ್ನು ಆರು ಕೇರಿ ಮಾಡಿ, ಒಂದೊಂದು ಕೇರಿಯ ಮನೆಗಳಿಗೂ ಒಂದರಿಂದ ಶುರುಮಾಡಿ ಸಾವಿರಗಟ್ಟಲೆ ನಂಬರು ಹಾಕುತ್ತ ಹೋಗಿದ್ದಾರೆ. ಮೂಲೆ ತಿರುಗಿದರೆ ನಂಬರು ನೂರಾರು ಮನೆ ಹಾರಿರುತ್ತದೆ. ಫೋನಿನ ನಕ್ಷೆಯಲ್ಲಿ ನಮ್ಮ ನೀಲಿ ಚುಕ್ಕಿ ಕಾಲುವೆಯ ನಡುವೆ ತೇಲುತ್ತಿತ್ತು.

ಊರಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲು. ಗಾಲಿ ಇರುವ ಸೂಟ್‌ಕೇಸ್ ಕಂಡುಹಿಡಿದವನು ಈ ಊರು ನೋಡಿರಲಿಕ್ಕಿಲ್ಲ. ನಾಲ್ಕನೆಯ ಸೇತುವೆ ಹತ್ತಿ ಇಳಿದು, ಮೂರನೆಯ ಸೇತುವೆಯ ಮುಂದೇ ಬಂದು ನಿಂತಾಗ, ತರಕಾರಿಯ ಗಾಡಿಚೀಲ ಎಳೆದುಕೊಂಡು ಬರುತ್ತಿದ್ದ ಎಂಬತ್ತು ಸಮೀಪದ ಒಂದು ಅಜ್ಜಿ ಸಿಕ್ಕಿದರು. “ಎಕ್ಸ್‌ಕ್ಯೂಸ್ ಮಿ ಮೇಡಂ, ಕುಡ್ ಯು ಕೈಂಡ್ಲಿ” ಎಂದು ನಾನು ವಾಕ್ಯ ಕಟ್ಟುತ್ತಿರುವಾಗಲೇ ಸರೋಜ ಚೀಟಿ ಅವರ ಮುಂದೆ ಹಿಡಿದು, “ಎಲ್ಲಮ್ಮಾ ಇದು? ಸಾಕಾಗೋಯ್ತು ತಾಯಿ” ಎಂದಳು. ಅಜ್ಜಿ ಇವಳ ಮುಖ ನೋಡಿದರು, ಹೆಗಲಿನ ಚೀಲ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಒಂದು ನಿಮಿಷ ಉಸಿರು ಬಿಡದೆ ಏನೋ ಹೇಳಿದರು.

“ಏನಂತೆ?” ಎಂದೆ.

“ಗಂಡಸಾಗಿ ಕೈ ಬೀಸ್ಕೊಂಡು ನಿಂತಿದ್ದೀಯಲ್ಲ, ಹೆಂಡ್ತಿ ಚೀಲ ಹೊತ್ಕೊಳ್ಳೋಕೆ ಏನು ರೋಗ ಅಂತ ಕೇಳ್ತಿದಾರೆ.”

ಅನುವಾದ ಸರಿಯಿತ್ತೋ ಇಲ್ಲವೋ ಪರೀಕ್ಷಿಸುವ ಧೈರ್ಯವಾಗಲಿಲ್ಲ. ಚೀಲ ಇಸಿದುಕೊಂಡೆ. ಅಜ್ಜಿ ಇವಳ ಕೈ ಹಿಡಿದು ಮುಂದೆ ನಡೆದರು. ಎರಡು ಸೂಟ್‌ಕೇಸು, ಒಂದು ಹೆಗಲುಚೀಲ, ಜೊತೆಗೆ ಅಜ್ಜಿಯ ತರಕಾರಿ ಗಾಡಿ, ಇಷ್ಟನ್ನೂ ಎಳೆದುಕೊಂಡು ನಾನು ಹಿಂದೆ. ದಾರಿಯುದ್ದಕ್ಕೂ ಇಬ್ಬರ ಮಾತು ನಿಲ್ಲಲಿಲ್ಲ. ಅವರದು ಅವರ ಭಾಷೆ, ಇವಳದು ತಿಪಟೂರು ಕನ್ನಡ. ಹೋಟೆಲ್ ಬಾಗಿಲು ಮುಟ್ಟುವಷ್ಟರಲ್ಲಿ ಅಜ್ಜಿಗೆ ಮೂವರು ಮಕ್ಕಳು, ಒಬ್ಬಳು ಮೊಮ್ಮಗಳು ಇಷ್ಟೆತ್ತರ, ಮಂಡಿನೋವು ಎಡಗಾಲಿಗೆ ಎಂಬ ಸಮಾಚಾರವೆಲ್ಲ ಇವಳಿಗೆ ಬಂದು ಸೇರಿತ್ತು. ಇವಳು ಚೀಲದಿಂದ ಕೊಬ್ಬರಿ ಮಿಠಾಯಿ ತೆಗೆದು ಕೊಟ್ಟಳು. ಅಜ್ಜಿ ಅಲ್ಲೇ ಬಾಯಿಗೆ ಹಾಕಿಕೊಂಡು ಇವಳ ಕೆನ್ನೆಗೆ ಎರಡು ಮುತ್ತು ಕೊಟ್ಟರು. ನನ್ನ ಕಡೆ ಬೆರಳೆತ್ತಿ ಇನ್ನೊಂದು ಎಚ್ಚರಿಕೆ ಕೊಟ್ಟು ಹೋದರು. ಇದಕ್ಕೆ ಅನುವಾದ ನಾನು ಕೇಳಲಿಲ್ಲ.

ನನಗೆ ಕಷ್ಟ ಬಂದದ್ದು ಗೊತ್ತಿಲ್ಲದ ಪದಗಳಿಂದಲ್ಲ, ಗೊತ್ತಿದೆ ಅಂದುಕೊಂಡ ಪದಗಳಿಂದ. ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಗತ್ತಿನಿಂದ “ಟೂ ಲಾತೆ” ಎಂದೆ. ಎರಡು ಲೋಟ ಹಾಲು ಬಂತು. ಬರೀ ಹಾಲು. “ಹಾಲು ಕೇಳಿದ್ರಿ, ಹಾಲು ಕೊಟ್ಟ” ಎಂದು ಇವಳು ಎರಡನ್ನೂ ಕುಡಿದಳು. ಊರಿಂದ ತಂದ ಕರೆಂಟಿನ ಕೆಟಲ್ಲಿನಲ್ಲಿ ರೂಮಿನಲ್ಲೇ ಚಹಾ ಮಾಡಿಕೊಳ್ಳೋಣವೆಂದು ಸಕ್ಕರೆ ತರಲು ಹೋದೆ. ಬಿಳೀ ಪುಡಿಯ ಒಂದು ಕಿಲೋ ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ‘ಎಸ್‌ಎಎಲ್‌ಇ’ ಎಂದಿತ್ತು. ಸೇಲ್! ರಿಯಾಯಿತಿ ಅಂದರೆ ಬಿಡುವವರಾರು? ಚಹಾ ಬಾಯಿಗಿಟ್ಟ ಮೇಲೆ ಗೊತ್ತಾಯಿತು, ಅದನ್ನು ‘ಸಾಲೆ’ ಎಂದು ಓದಬೇಕು, ಹಾಗೆಂದರೆ ಉಪ್ಪು. ಸರೋಜ ಇಂಗ್ಲಿಷನ್ನು ಕನ್ನಡದ ಹಾಗೆ ಅಕ್ಷರ ಕೂಡಿಸಿ ಓದುವವಳು. ಮದುವೆಯಾದಂದಿನಿಂದ ತಿದ್ದುತ್ತ ಬಂದಿದ್ದೇನೆ. ಇಟಲಿಯಲ್ಲಿ ನೋಡಿದರೆ ಊರಿಗೆ ಊರೇ ಅವಳ ಹಾಗೇ ಓದುತ್ತದೆ! ಬರೆದದ್ದನ್ನೆಲ್ಲ ಹೆಚ್ಚುಕಡಿಮೆ ಬರೆದ ಹಾಗೇ ಉಚ್ಚರಿಸುತ್ತಾರೆ, ಮೇಲಾಗಿ ಬಹುಪಾಲು ಪದಗಳ ಕೊನೆಗೆ ನಮ್ಮ ಹಾಗೆ ಒಂದು ಸ್ವರ. ಬ್ಯಾಂಕು, ಪೋಸ್ಟು ಅನ್ನುವವಳಿಗೆ ಬಂಕಾ, ಪೋಸ್ಟಾ ಎಷ್ಟು ದೂರ?

ಪಿಜ್ಜಾ ಅಂಗಡಿಯಲ್ಲಂತೂ ನನ್ನ ಪಾಂಡಿತ್ಯ ಎರಡು ದಿನ ನಮ್ಮನ್ನು ಬಡಿಸಿದ ತಟ್ಟೆಯ ಮುಂದೆಯೇ ಉಪವಾಸ ಕೆಡವಿತು. ನಾವು ಸಸ್ಯಾಹಾರಿಗಳು. ಪೆಪೆರೋನಿ ಅಂದರೆ ಮಾಂಸ ಎಂದು ಮಗನ ಮನೆಯಲ್ಲೇ ತಿಳಿದುಕೊಂಡಿದ್ದೆ. ಮರಿನಾರಾ ಅಂದರೆ ಮರೀನ್, ಸಮುದ್ರ, ಅಂದಮೇಲೆ ಮೀನು. ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿ ಬರೀ ಚೀಸಿನದನ್ನೇ ತಿನ್ನಿಸಿದೆ. ಮೂರನೆಯ ದಿನ ಇವಳು “ಇನ್ನೊಂದು ಸಲ ಚೀಸ್ ಅಂದ್ರೆ ನಾನು ಊರಿಗೆ ಹೋಗ್ತೀನಿ” ಎಂದು ಜೋರಾಗಿಯೇ ಹೇಳಿದಾಗ ಅಡುಗೆಮನೆಯಿಂದ ಒಬ್ಬ ಹುಡುಗ ಇಣುಕಿದ. ಬಾಂಗ್ಲಾದೇಶದವನು, ಆ ಕಡೆ ಬಹಳ ಜನ ಇದ್ದಾರೆ. ಅವನ ಹಿಂದಿಗೂ ಇವಳ ಸೀರಿಯಲ್ ಹಿಂದಿಗೂ ತಾಳೆಯಾಯಿತು. ಪೆಪೆರೋನಿ ಅಂದರೆ ಇಲ್ಲಿ ದೊಣ್ಣೆ ಮೆಣಸಿನಕಾಯಿ. ಮರಿನಾರಾದಲ್ಲಿ ಮೀನೂ ಇಲ್ಲ, ಚೀಸೂ ಇಲ್ಲ. ಟೊಮ್ಯಾಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ. ಇವಳು ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ಇಡೀ ಪಿಜ್ಜಾ ಒಬ್ಬಳೇ ಮುಗಿಸಿದಳು. ಹುಡುಗ ಚಟ್ನಿಪುಡಿಯಲ್ಲಿ ಪಾಲು ಕೇಳಿದ. ನನ್ನನ್ನು ನೋಡಿ, “ಅಂಕಲ್ ಏನು ಕೆಲಸ ಮಾಡ್ತಿದ್ರು?” ಎಂದು ಇವಳನ್ನು ವಿಚಾರಿಸಿದ. ಇವಳು ಪುಣ್ಯಕ್ಕೆ ಮಾತು ತೇಲಿಸಿದಳು.

ಗೊಂಡೋಲಾ ಹತ್ತಲಿಲ್ಲ. ಅರ್ಧ ಗಂಟೆಗೆ 90 ಯೂರೊ, ನಮ್ಮ ಲೆಕ್ಕದಲ್ಲಿ ಎಂಟೊಂಬತ್ತು ಸಾವಿರ. ಗ್ರ್ಯಾಂಡ್ ಕೆನಾಲಿಗೆ ಇರುವುದು ನಾಲ್ಕೇ ಸೇತುವೆಯಾದ್ದರಿಂದ ಆಚೆ ದಡಕ್ಕೆ ದಾಟಿಸುವ ದೋಣಿಗಳಿವೆ, ತಲೆಗೆ 2 ಯೂರೊ. ಅದೂ ಗೊಂಡೋಲಾದ ದಾಯಾದಿಯೇ. ಎರಡೂವರೆ ನಿಮಿಷದಲ್ಲಿ ಮೂವತ್ತು ಫೋಟೊ ತೆಗೆದು ಮನೆಮಂದಿಗೆಲ್ಲ ಕಳಿಸಿದೆವು. ಊರಲ್ಲಿ ಇವತ್ತಿಗೂ ನಾವು ಗೊಂಡೋಲಾ ಹತ್ತಿದವರೇ.

ಹೊರಡುವ ದಿನ ಸ್ಟೇಷನ್ನಿನ ತುಂಬ ಕಾಗದ ಅಂಟಿಸಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ಎಸ್‌ಸಿಐಒಪಿಇಆರ್‌ಒ’. ನಾವು ಹೊರಟಿದ್ದು ವೆರೋನಾಕ್ಕೆ. ಅಲ್ಲಿನ ರೋಮನ್ ಕಾಲದ ಬಯಲು ರಂಗದಲ್ಲಿ 1913ರಿಂದ ಬೇಸಿಗೆಯಲ್ಲಿ ಒಪೆರಾ ಆಡುತ್ತಾರೆ ಅಂತ ಓದಿದ್ದೆ. “ನೋಡೇ, ಒಪೆರೊ ಅಂತಿದೆ, ಒಪೆರಾ ಜಾಹೀರಾತು. ಟಿಕೆಟ್ ಸಿಕ್ಕಿದ್ರೆ ನೋಡೇಬಿಡೋಣ” ಎಂದೆ. ಸರೋಜ ಕಾಗದ ನೋಡಲಿಲ್ಲ. ಸೂಟ್‌ಕೇಸುಗಳ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತ ಜನರನ್ನು ಒಂದು ಸುತ್ತು ನೋಡಿದಳು.

“ಒಪೆರಾಗೆ ಹೋಗೋರ ಮುಖ ಹೀಗಿರುತ್ತಾ? ಇದು ಬಂದ್ ಕಣ್ರೀ.”

ಬಂದೇ. ರೈಲು ನೌಕರರ ಮುಷ್ಕರ. ಅದನ್ನು ಶೋಪೆರೊ ಎಂದು ಓದಬೇಕಂತೆ. ನಮ್ಮ ಬಂದ್‌ಗಳಿಗಿಂತ ಶಿಸ್ತು ಜಾಸ್ತಿ: ಕೆಲಸದ ದಿನವಾದರೆ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಊರೂರಿನ ರೈಲುಗಳನ್ನು ಓಡಿಸಲೇಬೇಕು. ನಾವು ಬಂದದ್ದು ಒಂಬತ್ತೂವರೆಗೆ. ಎಂಟೂವರೆ ಗಂಟೆ ಅಲ್ಲೇ ಕೂತೆವು. ಪಕ್ಕದಲ್ಲಿ ಒಬ್ಬ ಯುವತಿ ಮಗುವನ್ನು ಸಮಾಧಾನ ಮಾಡಲಾರದೆ ಅಳುವ ಹಾಗಾಗಿದ್ದಳು. ಸರೋಜ ಮಗುವನ್ನು ಇಸಿದುಕೊಂಡು ಕಾಲಮೇಲೆ ಬೋರಲು ಹಾಕಿ ಬೆನ್ನು ತಟ್ಟಿದಳು. ಮಗು ತೇಗಿ ಮಲಗಿತು. ಅದರ ತಾಯಿಯೂ ಗೋಡೆಗೊರಗಿ ನಿದ್ದೆಹೋದಳು. ಎರಡು ಗಂಟೆ ನಮ್ಮ ಕೈಯಲ್ಲಿ ಯಾರದೋ ಮಗು, ಯಾವ ಭಾಷೆಯದೆಂದೂ ತಿಳಿಯದು. ಪೊಲೀಸರು ಬಂದರೆ ಇಂಗ್ಲಿಷಿನಲ್ಲಿ ಹೇಗೆ ಸಮಜಾಯಿಷಿ ಕೊಡುವುದೆಂದು ನಾನು ವಾಕ್ಯ ಜೋಡಿಸುತ್ತ ಬೆವರಿದೆ. ಎದ್ದ ಮೇಲೆ ಆಕೆ ಇವಳಿಗೆ ಒಂದು ಪೀಚ್ ಹಣ್ಣು ಕೊಟ್ಟಳು.

ವೆರೋನಾದಲ್ಲಿ ರಾತ್ರಿ ಕಳೆದು, ಮರುದಿನ ಮ್ಯೂನಿಕ್ ರೈಲು ಹಿಡಿಯಬೇಕಿತ್ತು. ಟಿಕೆಟ್ಟಿನ ಮೇಲೆ ಮ್ಯೂನ್ಶೆನ್ ಎಂದಿತ್ತು, ಅದು ಜರ್ಮನ್ನರ ಹೆಸರು, ಗೊತ್ತಿತ್ತು. ಪ್ಲಾಟ್‌ಫಾರಂ ಬೋರ್ಡಿನಲ್ಲಿ ಬಂದ ಹೆಸರು ಮೊನಾಕೊ. ನನ್ನ ಎದೆ ಧಸಕ್ಕೆಂದಿತು. ಮೊನಾಕೊ ಅಂದರೆ ಫ್ರಾನ್ಸಿನ ಕರಾವಳಿಯ ಪುಟ್ಟ ದೇಶ, ರಾಜರು, ಜೂಜುಕಟ್ಟೆ. ರೈಲಿನ ನಂಬರೇನೋ ಸರಿಯಾಗೇ ಇತ್ತು. ಆದರೆ ನಂಬರನ್ನು ನಂಬುವವನು ಗಣಿತದ ಮೇಷ್ಟ್ರು, ನಾನು ಭಾಷೆಯವನು. “ಇದು ನಮ್ಮ ರೈಲಲ್ಲ, ಹತ್ತಬೇಡ” ಎಂದು ಸೂಟ್‌ಕೇಸ್ ಹಿಡಿದು ನಿಂತೆ.

ಸರೋಜ ಆಗಲೇ ಮೆಟ್ಟಿಲ ಮೇಲಿದ್ದಳು. “ಆ ಹುಡುಗಿ ಹೆಗಲಲ್ಲಿರೋ ಬಟ್ಟೆಚೀಲ ನೋಡ್ರಿ. ನಮ್ಮ ಹುಡುಗನ ಮನೆ ಕೆಳಗಿನ ಬ್ರೆಡ್ ಅಂಗಡೀದು. ಅವಳು ಮನೆಗೆ ಹೋಗ್ತಿದಾಳೆ. ಬನ್ನಿ.”

ಮೊನಾಕೊ ಅಂದರೆ ಇಟಾಲಿಯನ್ನಿನಲ್ಲಿ ಸನ್ಯಾಸಿ. ಮ್ಯೂನಿಕ್ ಸನ್ಯಾಸಿಗಳಿಂದ ಹೆಸರು ಪಡೆದ ಊರು, ಆದ್ದರಿಂದ ಇವರಿಗೆ ಅದೂ ಮೊನಾಕೊನೇ. ಇದು ನನಗೆ ತಿಳಿದದ್ದು ಎದುರು ಸೀಟಿನ ಮುದುಕರೊಬ್ಬರಿಂದ, ರೈಲು ಆಲ್ಪ್ಸ್ ಹತ್ತತೊಡಗಿದ ಎಷ್ಟೋ ಹೊತ್ತಿನ ಮೇಲೆ. ಅದಕ್ಕೆ ಮುಂಚೆಯೇ ಮಗ ಫೋನ್ ಮಾಡಿದ್ದ.

“ಎಲ್ಲಿದ್ದೀರಪ್ಪ? ರೈಲು ಸಿಕ್ತಾ?”

“ಮೊನಾಕೊಗೆ ಹೋಗೋ ರೈಲಿನಲ್ಲಿದ್ದೀವಪ್ಪ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅಪ್ಪ, ಫೋನ್ ಅಮ್ಮನ ಕೈಗೆ ಕೊಡಿ” ಎಂದ.