ಸುಮ್ನಿರಪ್ಪಾ ಫ್ಲೇಕ್8!

ನಮ್ಮ ಆಫೀಸಿನ ಡೇಟಾ ಟೀಮಿನವರು, ಸೆಲ್ ಎಂಬ ತುಂಡು ತುಂಡಾಗಿ ಪೈಥಾನ್ ಕೋಡ್ ಓಡಿಸುವ ಜೂಪಿಟರ್ ನೋಟ್‌ಬುಕ್ಕಿನಲ್ಲಿ ಆರಾಮಾಗಿ ಕೋಡ್ ಬರೆದು ಕೈತೊಳೆದುಕೊಳ್ಳುತ್ತಾರೆ. ಅದನ್ನು ಸರ್ವರ್ ಮೇಲೆ ಓಡಿಸುವುದು ನಮ್ಮ ಹಣೆಬರಹ. ಎನ್‌ಬಿಕನ್ವರ್ಟ್ ಅಂತ ಒಂದು ಟೂಲ್ ಇದೆ. ನೋಟ್‌ಬುಕ್ ಕೊಟ್ಟರೆ ಪೈಥಾನ್ ಫೈಲ್ ಮಾಡಿಕೊಡುತ್ತದೆ. ಜೊತೆಗೆ ಸೆಲ್ಲಿಗೊಂದು ನಂಬರಿನ ಕಾಮೆಂಟು, ಅದರ ಕೆಳಗೆ ಖಾಲಿ ಸಾಲು, ಫೈಲಿನ ಬಾಲದಲ್ಲಿ ಇನ್ನಷ್ಟು ಖಾಲಿ ಸಾಲು. ಕೇಳಿದವರು ಯಾರೋ!

ಆಮೇಲೆ ತಪಾಸಣೆಗೆ ಬರುತ್ತಾರೆ ಫ್ಲೇಕ್8 ಸಾಹೇಬರು, ಅಂದರೆ ಪೈಥಾನ್ ಕೋಡಿನಲ್ಲಿ ತಪ್ಪು ಹುಡುಕುವ ಟೂಲು. ಪ್ರತಿ ತಪ್ಪಿಗೂ ಒಂದು ನಂಬರು. ಬಾಲದಲ್ಲಿ ಖಾಲಿ ಸಾಲು ಯಾಕೆ? ಡಬ್ಲ್ಯೂ391. ಬೇರೆ ಕೋಡನ್ನು ಕರೆತರುವ ಇಂಪೋರ್ಟ್ ಸಾಲು ಮೇಲಿರದೆ ಮಧ್ಯದಲ್ಲಿ ಯಾಕೆ? ಇ402. ಸಾಲು 79 ಅಕ್ಷರ ದಾಟಿತು, ಇ501. ಈ 79ರ ಲೆಕ್ಕ ಪೆಪ್8 ಎಂಬ ಪೈಥಾನ್ ಬರವಣಿಗೆ ನಿಯಮಾವಳಿಯದು, 2001ರ ಕಾಲದ್ದು. ನನ್ನ ಮಾನಿಟರಿನಲ್ಲಿ ಅರ್ಧ ಜಾಗ ಖಾಲಿ ಬಿದ್ದಿದ್ದರೂ ಅವರಿಗೆ ಬೇಕಿಲ್ಲ. ಇನ್ನು ನೋಟ್‌ಬುಕ್ಕಿನಲ್ಲಿ ಗ್ರಾಫಿನ ಸಾಲಿನ ಕೊನೆಗೆ ಸೆಮಿಕೋಲನ್ ಹಾಕಿದರೆ ಬೇಡದ ಔಟ್‌ಪುಟ್ ಬರಲ್ಲ, ಅಲ್ವಾ? ಅದಕ್ಕೂ ಇಲ್ಲಿ ಇ703. ಅಲ್ಲಿ ಬಾಯಿ ಮುಚ್ಚಿಸಿದ್ದೇ ಇಲ್ಲಿ ಬಾಯಿ ತೆರೆಸುತ್ತದೆ.

ಅವತ್ತು ಶುಕ್ರವಾರ. ಮಳೆ ಬರುವ ಮುಂಚೆ ಸಿಲ್ಕ್ ಬೋರ್ಡ್ ದಾಟಬೇಕು. ಪಕ್ಕದ ಸೀಟಿನ ಹಾಸನದ ಹುಡುಗಿ ಫ್ಲೇಕ್8ರ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲಿನಲ್ಲಿ ಇಗ್ನೋರ್ ಅಂತ ಬರೆದು ಇ402 ಸೇರಿಸಿದಳು. ಅದು ತೊಲಗಿತು. ಬದಲಿಗೆ ಇಬ್ಬರು ಹೊಸಬರು ಬಂದರು. ಪ್ಲಸ್ ಚಿಹ್ನೆಗೆ ಮುಂಚೆ ಸಾಲು ಮುರಿಯಬೇಡಿ ಅಂತ ಡಬ್ಲ್ಯೂ503, ಆದಮೇಲೆ ಮುರಿಯಬೇಡಿ ಅಂತ ಡಬ್ಲ್ಯೂ504. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲೂ ಹೀಗೇ, ಗೇಟು ತೆರೆದಿಟ್ಟರೆ ಒಬ್ಬರ ಜಗಳ, ಮುಚ್ಚಿದರೆ ಇನ್ನೊಬ್ಬರದು.

‘ಸಾರ್, ಹಾಗಾದ್ರೆ ಪ್ಲಸ್ ಎಲ್ಲಿಡ್ಲಿ, ಜೇಬಲ್ಲಾ?’ ಅಂದಳು.

ಆ ಎರಡನ್ನೂ ಫ್ಲೇಕ್8 ತಾನಾಗೇ ಸುಮ್ಮನಿರಿಸಿರುತ್ತದೆ. ಇಗ್ನೋರ್ ಪಟ್ಟಿ ನಾವು ಕೊಟ್ಟರೆ ಅದರ ಪಟ್ಟಿ ಅಳಿಸಿಹೋಗುತ್ತದೆ. ಎಕ್ಸ್‌ಟೆಂಡ್-ಇಗ್ನೋರ್ ಅಂತ ಬರೆದರೆ ನಮ್ಮದು, ಅದರದು ಎರಡೂ ಪಟ್ಟಿ ಉಳಿಯುತ್ತವೆ. ಇದನ್ನು ಆ ವಾರ್ನಿಂಗಿನಲ್ಲೇ ಹೇಳಬಾರದಾ?

ಅಷ್ಟರಲ್ಲಿ ಮ್ಯಾನೇಜರ್ ಬಂದು ಇಣುಕಿದರು. ‘ಇಷ್ಟೆಲ್ಲಾ ಯಾಕ್ರೀ? ಮೇಲೆ ಫ್ಲೇಕ್8 ನೋಕ್ಯೂಎ ಅಂತ ಒಂದು ಸಾಲು ಹಾಕಿ, ಇಡೀ ಫೈಲ್ ತೆಪ್ಪಗಾಗುತ್ತೆ.’

ಆಗುತ್ತೆ, ನಿಜ. ಆದರೆ ಆ ಗಲಾಟೆಯ ನಡುವೆ ಎಫ್821 ಅಂತ ಒಂದಿತ್ತು. ನೋಟ್‌ಬುಕ್ಕಿನ ಮ್ಯಾಜಿಕ್ ಸಾಲು, ಅಂದರೆ ನೋಟ್‌ಬುಕ್ಕಿಗಷ್ಟೇ ಅರ್ಥವಾಗುವ ವಿಶೇಷ ಆಜ್ಞೆ, ‘ಗೆಟ್ ಐಪೈಥಾನ್’ ಆಗಿ ಬಂದು ಕೂತಿತ್ತು. ಸರ್ವರಿನ ಬರೀ ಪೈಥಾನಿಗೆ ಆ ಹೆಸರೇ ಗೊತ್ತಿಲ್ಲ, ಆ ಸಾಲಿಗೆ ಬಂದ ಕೂಡಲೇ ಮಕಾಡೆ ಮಲಗುತ್ತದೆ. ಹುಡುಗಿ ಆ ಸಾಲನ್ನು ಅಳಿಸಿದಳು. ಉಳಿದ ಕಿರಿಕಿರಿಯನ್ನೆಲ್ಲ ಆ ಒಂದು ಫೈಲಿಗೆ ಮಾತ್ರ, ಪರ್-ಫೈಲ್-ಇಗ್ನೋರ್ಸ್‌ನಲ್ಲಿ, ಬಾಯಿ ಮುಚ್ಚಿಸಿದಳು.

ಮ್ಯಾನೇಜರ್ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು. ‘ಸರಿ, ಡೇಟಾ ಟೀಮು ಇನ್ನೊಂದು ನೋಟ್‌ಬುಕ್ ಕಳಿಸಿದೆ, ನೋಡಿದ್ರಾ?’